ಹೊಗೆ ಹೋಗುವ ದಾರಿ



ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ 'ಚಿಮಣಿ' ಎಂದರೆ ದೀಪ. ಸೀಮೆ ಎಣ್ಣೆಗೆ ಅಲ್ಲಿ 'ಚಿಮಣಿ ಎಣ್ಣೆ' ಎಂದೇ ಹೆಸರು. ಇಂಗ್ಲಿಷಿನಲ್ಲಿ ಇದೇ ಮಾತಿಗೆ ಹೊಗೆಗೂಡು ಎಂಬ ಅರ್ಥವಿದೆ ಎಂದರೆ ಊರ ಹಿರಿಯರು ನಕ್ಕಾರು. ಆದರೆ ಹೆಸರು ಅದಲುಬದಲಾದದ್ದು ಸುಮ್ಮನೆ ಅಲ್ಲ. ದೀಪದ ಮೇಲೆ ಕೂರಿಸುವ ಗಾಜಿನ ಬುರುಡೆಗೂ ಇಂಗ್ಲಿಷಿನಲ್ಲಿ ಚಿಮಣಿ ಎಂದೇ ಹೆಸರು. 1780ರ ದಶಕದಲ್ಲಿ ಸ್ವಿಸ್ ವಿಜ್ಞಾನಿ ಆರ್ಗಾಂಡ್ ಅವರ ಹೊಸ ದೀಪಕ್ಕೆ ಇಂಥ ಗಾಜಿನ ಕೊಳವೆ ಕೂಡಿಕೊಂಡಿತು. ಆ ಗಾಜು ಗಾಳಿಯಿಂದ ದೀಪವನ್ನು ಕಾಯುವುದಷ್ಟೇ ಅಲ್ಲ, ಮತ್ತೊಂದು ದೊಡ್ಡ ಕೆಲಸ ಮಾಡುತ್ತದೆ.

ಅದನ್ನು ನೀವೇ ನೋಡಬಹುದು. ಮನೆಯಲ್ಲಿ ಹಳೆಯ ಕಂದೀಲು ಇದ್ದರೆ, ದೊಡ್ಡವರ ಎದುರಿನಲ್ಲಿ, ಗಾಜು ತೆಗೆದು ಬತ್ತಿ ಹಚ್ಚಿ. ಜ್ವಾಲೆ ಕೆಂಪಾಗಿ, ಅಲ್ಲಾಡುತ್ತಾ, ತುದಿಯಿಂದ ಕಪ್ಪು ಹೊಗೆ ಬಿಡುತ್ತದೆ. ಈಗ ಗಾಜು ಇಡಿ. ಕ್ಷಣದಲ್ಲಿ ಜ್ವಾಲೆ ನೆಟ್ಟಗಾಗಿ, ಬೆಳ್ಳಗಾಗಿ, ಹೊಗೆ ನಿಲ್ಲುತ್ತದೆ. ಬತ್ತಿಯೂ ಅದೇ, ಎಣ್ಣೆಯೂ ಅದೇ. ಬದಲಾದದ್ದು ಗಾಳಿಯ ಓಟ ಮಾತ್ರ. ಕೊಳವೆಯೊಳಗಿನ ಬಿಸಿಗಾಳಿ ಮೇಲೇರಿದಂತೆ, ಬುಡದ ತೂತುಗಳಿಂದ ಹೊಸ ಗಾಳಿ ರಭಸವಾಗಿ ಒಳನುಗ್ಗುತ್ತದೆ. ಇದಕ್ಕೆ 'ಸೆಳೆತ' ಎನ್ನೋಣ. ದೂರದರ್ಶನದಲ್ಲಿ ಹೊಗೆಯನ್ನು ತೋರಿಸುವುದು ಬಹಳ ಸುಲಭ, ಸೆಳೆತವನ್ನು ತೋರಿಸುವುದೇ ಕಷ್ಟ. ನಮಗೆ ಕಂದೀಲಿಗಿಂತ ಒಳ್ಳೆಯ ನಟ ಇನ್ನೂ ಸಿಕ್ಕಿಲ್ಲ.

ಈಗ ದೀಪದಿಂದ ಒಲೆಗೆ ಬರೋಣ.

ಈ ತಾಲ್ಲೂಕುಗಳ ಹಳೆಯ ಮಾಳಿಗೆ ಮನೆಗಳಲ್ಲಿ ಹೊಗೆಗೂಡು ಇರುತ್ತಿರಲಿಲ್ಲ. ಅಡುಗೆಮನೆಯ ಚಾವಣಿಯಲ್ಲಿ ಒಂದು ಬೆಳಕಿಂಡಿ. ಬೆಳಕು ಇಳಿಯುವುದೂ ಅಲ್ಲಿಂದ, ಹೊಗೆ ಏರುವುದೂ ಅಲ್ಲಿಂದ. ಮಳೆ ಬಂದರೆ ಅದನ್ನು ಮುಚ್ಚಬೇಕು, ಮುಚ್ಚಿದರೆ ಹೊಗೆ ಮನೆಯಲ್ಲೇ ಉಳಿಯಬೇಕು. ಉರುವಲು ಎಂದರೆ ಹೊಲದಿಂದ ಬಂದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಜಾಲಿ, ಕುಳ್ಳು. ಒಣಗಿದ ತೊಗರಿ ಕಟ್ಟಿಗೆ ಉದ್ದನೆಯ ಜ್ವಾಲೆ ಕೊಟ್ಟು ಬೇಗ ಉರಿದುಹೋಗುತ್ತದೆ. ಕುಳ್ಳು ಹಾಗಲ್ಲ, ಒಳಗೊಳಗೇ ಕನಲುತ್ತಾ ಹೊಗೆಯನ್ನೇ ಹೆಚ್ಚು ಕೊಡುತ್ತದೆ. ಮಳೆಗಾಲದ ಹಸಿ ಕಟ್ಟಿಗೆಯ ಮಾತಂತೂ ಊದುಗೊಳವೆ ಹಿಡಿದು ಕಣ್ಣೀರು ಸುರಿಸಿದವರಿಗೇ ಗೊತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಗ್ರಾಮಗಳಿಗೆ ಬೇಕಾದ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಅಲ್ಲಿಯ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ರೂಪಿಸಿದ್ದೇ 'ಅಸ್ತ್ರ ಒಲೆ'. ಮೂರು ಪಾತ್ರೆಗಳು ಸಾಲಾಗಿ ಕೂರುವ, ಉರಿಯ ಗೂಡಿಗೆ ಬಾಗಿಲಿರುವ, ಬೂದಿ ಇಳಿಯಲು ಕೆಳಗೆ ಜಾಲರಿಯಿರುವ, ಕೊನೆಯಲ್ಲಿ ಹೊಗೆ ಕೊಳವೆಯಿರುವ ಮಣ್ಣಿನ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಶೇಕಡಾ 10ರಿಂದ 15 ಭಾಗ ಮಾತ್ರ ಪಾತ್ರೆಗೆ ತಲುಪುತ್ತದೆ. ಅಸ್ತ್ರ ಒಲೆಯಲ್ಲಿ ಪ್ರಯೋಗಾಲಯದ ಅಳತೆಯಂತೆ ಅದು ಶೇಕಡಾ 40ರ ಆಸುಪಾಸಿಗೆ ಏರಿತು. 1980ರ ದಶಕದಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಯಿತು. 2002ರಲ್ಲಿ ಅದು ಮುಗಿಯುವ ವೇಳೆಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಕೂತಿದ್ದವು. ಅವುಗಳಲ್ಲಿ ಬಹಳಷ್ಟಕ್ಕೆ ಕೊಳವೆಯಿತ್ತು. ಹೀಗೆ, ಹೊಗೆಗೂಡನ್ನೇ ಕಾಣದ ಅಡುಗೆಮನೆಗಳಿಗೆ ಹೊಗೆಗೂಡು ಬಂತು. ಅದನ್ನು ಗುಡಿಸುವ ಕಸುಬು ಮಾತ್ರ ಜೊತೆಗೆ ಬರಲಿಲ್ಲ.

ಗುಡಿಸದಿದ್ದರೆ ಏನಾಗುತ್ತದೆ? ಸ್ವಲ್ಪ ಲೆಕ್ಕ ಹಾಕೋಣ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.16 ಕಿಲೋಗ್ರಾಂ. ಕೊಳವೆಯೊಳಗೆ 150 ಡಿಗ್ರಿಯಿದ್ದರೆ ಸುಮಾರು 0.83 ಕಿಲೋಗ್ರಾಂ. ಕೊಳವೆಯ ಎತ್ತರ 3 ಮೀಟರ್ ಎಂದಿಟ್ಟುಕೊಳ್ಳಿ. ಸಾಂದ್ರತೆಯ ವ್ಯತ್ಯಾಸ, ಗುರುತ್ವ, ಎತ್ತರ, ಮೂರನ್ನೂ ಗುಣಿಸಿದರೆ ಬರುವ ಒತ್ತಡ ಸುಮಾರು 10 ಪ್ಯಾಸ್ಕಲ್. ಇದು ಒಂದು ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ, ವಾತಾವರಣದ ಒತ್ತಡದ ಹತ್ತು ಸಾವಿರದ ಒಂದು ಪಾಲು! ಇಷ್ಟು ಬಡ ಬಲದಿಂದಲೇ ಒಲೆಯ ಹೊಗೆಯೆಲ್ಲ ಹೊರಗೆ ಹೋಗಬೇಕು. ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ, ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳ ಹೊಗೆಗೂಡು ಅಷ್ಟೊಂದು ಎತ್ತರ ಏಕೆ ಎಂಬುದಕ್ಕೂ ಭಾಗಶಃ ಇದೇ ಉತ್ತರ: ಎತ್ತರ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಮನೆಯಲ್ಲಿ ಆ ಅನುಕೂಲವಿಲ್ಲ.

ಈಗ 10 ಸೆಂಟಿಮೀಟರ್ ವ್ಯಾಸದ ಕೊಳವೆಯ ಒಳಗೋಡೆಗೆ ಸುತ್ತಲೂ ಒಂದೇ ಒಂದು ಸೆಂಟಿಮೀಟರ್ ಮಸಿ ಕಟ್ಟಿತು ಎನ್ನಿ. ವ್ಯಾಸ 8 ಸೆಂಟಿಮೀಟರ್ ಆಯಿತು. ದಾರಿಯ ವಿಸ್ತೀರ್ಣ 78ರಿಂದ 50 ಚದರ ಸೆಂಟಿಮೀಟರಿಗೆ ಇಳಿಯಿತು, ಅಂದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನಷ್ಟ. ಅಷ್ಟೇ ಹೊಗೆಯನ್ನು ಸಾಗಿಸಲು ಎದುರಾಗುವ ತಡೆಯಂತೂ ಸುಮಾರು ಮೂರು ಪಟ್ಟು. ಹತ್ತು ಪ್ಯಾಸ್ಕಲ್‌ಗೆ ಅದು ಭಾರವಾಗುತ್ತದೆ. ಗಾಳಿ ಸಾಲದೆ ಕಟ್ಟಿಗೆ ಅರೆಬರೆ ಉರಿಯುತ್ತದೆ, ಅರೆಬರೆ ಉರಿದದ್ದು ಇನ್ನಷ್ಟು ಮಸಿ ಮಾಡುತ್ತದೆ, ಆ ಮಸಿ ದಾರಿಯನ್ನು ಇನ್ನಷ್ಟು ಕಟ್ಟುತ್ತದೆ. ಕೊನೆಗೆ ಹೊಗೆ ಬಂದ ದಾರಿಯಲ್ಲೇ ಹಿಂತಿರುಗಿ ಅಡುಗೆ ಮಾಡುವವರ ಮುಖಕ್ಕೆ ಬಡಿಯುತ್ತದೆ.

ಮಸಿ ಎಂದರೆ ಉರಿಯದೆ ಉಳಿದ ಇಂಗಾಲದ ಸೂಕ್ಷ್ಮ ಕಣಗಳು. ಉರಿಯುವ ಮೇಣದಬತ್ತಿಯ ಜ್ವಾಲೆಯ ನಡುವೆ ತಣ್ಣಗಿನ ಸ್ಟೀಲ್ ಚಮಚ ಹಿಡಿದರೆ ಅದು ಕಪ್ಪಾಗುತ್ತದೆ; ಜ್ವಾಲೆಯ ತುದಿಗಿಂತ ಸಾಕಷ್ಟು ಮೇಲೆ ಹಿಡಿದರೆ ಅಷ್ಟಾಗಿ ಆಗುವುದಿಲ್ಲ. ಇಂಗಾಲ ತುದಿ ತಲುಪುವ ಮೊದಲೇ ಉರಿದುಹೋಗುವುದೇ ಕಾರಣ. ಕಟ್ಟಿಗೆಯ ಹೊಗೆಯಲ್ಲಿ ಇದರ ಜೊತೆಗೆ ಡಾಂಬರಿನಂಥ ಅಂಟು ಆವಿಯೂ ಇರುತ್ತದೆ. ತಣ್ಣನೆಯ ಗೋಡೆ ಸಿಕ್ಕಲ್ಲಿ ಅದು ಮಂಜಿನಂತೆ ಕೂತುಬಿಡುತ್ತದೆ. ಕೊಳವೆಯಲ್ಲಿ ಎಲ್ಲಕ್ಕಿಂತ ತಣ್ಣನೆಯ ಜಾಗ ಮಾಳಿಗೆಯ ಮೇಲಿನ ತುದಿ. ಒಲೆ ಹೊಗೆಯಾಡತೊಡಗಿದರೆ ಜನ ಒಲೆಯ ಬಾಯನ್ನೇ ಕೆದಕುತ್ತಾರೆ. ಮೊದಲು ನೋಡಬೇಕಾದದ್ದು ಮೇಲಿನ ಟೊಪ್ಪಿಗೆಯನ್ನು. ಆ ಅಂಟು ಮಸಿಗೆ ಬೆಂಕಿಯೂ ಹತ್ತಬಹುದು. ಮಾಳಿಗೆಯ ಮೇಲೆ ಕಟ್ಟಿಗೆಯ ಹೊರೆ ಒಟ್ಟಿದ್ದರೆ ಒಂದು ಕಿಡಿ ಸಾಕು.

ಯೂರೋಪಿನ ಚಳಿ ದೇಶಗಳಲ್ಲಿ ಇದೊಂದು ಕಸುಬೇ ಆಯಿತು, ಆದರೆ ಅದರ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. ಇಂಗ್ಲೆಂಡಿನ ಮನೆಗಳ ಇಕ್ಕಟ್ಟಾದ, ತಿರುವುಗಳಿದ್ದ ಹೊಗೆಗೂಡುಗಳಿಗೆ ದೊಡ್ಡವರು ಇಳಿಯಲಾರರು. ಬಡವರ, ಅನಾಥರ ಎಳೆಯ ಮಕ್ಕಳನ್ನು ಹತ್ತಿಸುತ್ತಿದ್ದರು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಈ ಕೆಲಸ ಮಾಡಿದವರಿಗೆ ಮುಂದೆ ವೃಷಣಚೀಲದ ಕ್ಯಾನ್ಸರ್ ಬರುವುದನ್ನು ಗುರುತಿಸಿ, ಮೈಗೆ ಮೆತ್ತಿದ ಮಸಿಯೇ ಅದಕ್ಕೆ ಕಾರಣವೆಂದು ಬರೆದರು. ಕಸುಬಿನಿಂದ ಕ್ಯಾನ್ಸರ್ ಬರುತ್ತದೆಂದು ವೈದ್ಯಶಾಸ್ತ್ರ ಗುರುತಿಸಿದ್ದು ಅದೇ ಮೊದಲು. 1803ರಲ್ಲಿ ಜಾರ್ಜ್ ಸ್ಮಾರ್ಟ್ ಎಂಬಾತ ಉದ್ದ ಕೋಲಿನ ಯಾಂತ್ರಿಕ ಕುಂಚ ತಯಾರಿಸಿದ. ಉಪಕರಣವಿತ್ತು, ಕಾನೂನುಗಳೂ ಬಂದವು, ಮಕ್ಕಳು ಮಾತ್ರ ಹತ್ತುತ್ತಲೇ ಇದ್ದರು. 1875ರಲ್ಲಿ ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಸಿಕ್ಕಿಕೊಂಡು ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಸತ್ತ. ಅದೇ ವರ್ಷ ಬಂದ ಬಿಗಿಯಾದ ಕಾಯ್ದೆಯ ನಂತರವೇ ಆ ಪದ್ಧತಿ ನಿಂತದ್ದು. ಪಾಟ್ ಸಂಶಯಪಟ್ಟ ವಿಷಗಳಲ್ಲಿ ಒಂದಾದ ಬೆಂಜೋಪೈರೀನನ್ನು ರಸಾಯನ ವಿಜ್ಞಾನಿಗಳು ಕಲ್ಲಿದ್ದಲ ಡಾಂಬರಿನಿಂದ ಬೇರ್ಪಡಿಸಿದ್ದು 1930ರ ದಶಕದಲ್ಲಿ. ಕಟ್ಟಿಗೆಯ ಮಸಿಯಲ್ಲೂ ಅದು ಇದೆ.

ನಮ್ಮಲ್ಲಿ ಮಸಿಯ ಪಾಲು ಮಕ್ಕಳಿಗಿಂತ ಹೆಂಗಸರಿಗೆ ಬಂತು. ಅಡುಗೆಮನೆಯಲ್ಲಿ ನಿಲ್ಲುವ ಹೊಗೆಯ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಒಲೆಯ ಮುಂದೆ ಕೂತವರ ತಲೆಶೂಲೆಗೆ ಅದೂ ಒಂದು ಕಾರಣ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹಾಗಾದರೆ ಕೊಳವೆ ಹಾಕಿಸಿದರೆ ಸಾಕೇ? ಒಡಿಶಾದ ಹಳ್ಳಿಗಳಲ್ಲಿ ರೇಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಕೊಳವೆಯುಳ್ಳ ಸುಧಾರಿತ ಒಲೆಗಳನ್ನು ಹಲವು ವರ್ಷ ಬೆನ್ನಟ್ಟಿ ನೋಡಿದರು. (ಇವರಲ್ಲಿ ಡುಫ್ಲೊ ಅವರಿಗೆ 2019ರಲ್ಲಿ ನೊಬೆಲ್ ಬಂತು.) ಮೊದಲ ವರ್ಷ ಅಡುಗೆ ಮಾಡುವವರು ಉಸಿರಾಡುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಮನೆಯವರು ಒಲೆಯನ್ನು ಸರಿಯಾಗಿ ಬಳಸಲಿಲ್ಲ, ದುರಸ್ತಿ ಮಾಡಿಸಲಿಲ್ಲ ಎಂಬುದು ಅವರು ಕಂಡ ಕಾರಣ. ಇದನ್ನು ಓದಿ ಹಳ್ಳಿಯವರನ್ನು ಬೈಯುವುದು ಸುಲಭ. ನನಗೆ ಅದು ನ್ಯಾಯವೆನಿಸುವುದಿಲ್ಲ. ದಿನವಿಡೀ ಹೊಲದಲ್ಲಿ ದುಡಿದು ಬಂದವಳು ಮಾಳಿಗೆ ಹತ್ತಿ ಕೊಳವೆ ಗುಡಿಸಬೇಕೆಂದು ನಿರೀಕ್ಷಿಸಿದವರು ಅದಕ್ಕೊಂದು ಕುಂಚವನ್ನಾದರೂ ಒಲೆಯ ಜೊತೆ ಕೊಡಬೇಕಿತ್ತಲ್ಲವೇ? ಇನ್ನೊಂದು ಮಾತು. ಮುದ್ದೆ, ಅನ್ನ, ಸಾರು ಬೇಯುವ ಅಡುಗೆಗೆ ಮೂರು ಪಾತ್ರೆಯ ಮುಚ್ಚಿದ ಒಲೆ ಚೆನ್ನಾಗಿ ಒಪ್ಪುತ್ತದೆ. ಜೋಳದ ರೊಟ್ಟಿಯ ನಾಡಿನಲ್ಲಿ ಹಾಗಲ್ಲ. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಎದುರು ಆನಿಸಿ ಉಬ್ಬಿಸಬೇಕು, ಅದಕ್ಕೆ ಒಲೆಯ ಬಾಯಿ ತೆರೆದಿರಬೇಕು. ಬಾಯಿ ತೆರೆದರೆ ಸೆಳೆತದ ಲೆಕ್ಕ ತಪ್ಪುತ್ತದೆ.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಗ್ಯಾಸ್ ಹಳ್ಳಿಗಳಿಗೆ ಬಂದಿದೆ. ಆದರೂ ರೊಟ್ಟಿಗೆ, ಸ್ನಾನದ ಹಂಡೆಗೆ ಕಟ್ಟಿಗೆ ಒಲೆ ಹಚ್ಚುವ ಮನೆಗಳು ಇನ್ನೂ ಬಹಳ. ನಿಮ್ಮ ಮನೆಯಲ್ಲೂ ಕೊಳವೆಯ ಒಲೆಯಿದ್ದರೆ ಗುಡಿಸುವ ಬಗೆ ತಿಳಿದಿರಲಿ. ಹತ್ತುವ ಕೆಲಸ ದೊಡ್ಡವರದು, ನೀವು ಕೆಳಗೆ ಸಹಾಯಕ್ಕಿರಿ.

ಒಲೆ ರಾತ್ರಿಯೆಲ್ಲ ಆರಿ ಪೂರ್ತಿ ತಣ್ಣಗಾಗಿರಬೇಕು. ಒಲೆಯ ಬಾಯಿಗಳಿಗೆಲ್ಲ ಒದ್ದೆ ಗೋಣಿಚೀಲ ಮುಚ್ಚಿ; ಇಲ್ಲವಾದರೆ ಮಸಿಯೆಲ್ಲ ಮನೆಗೆ ಇಳಿಯುತ್ತದೆ. ಮೂಗು ಬಾಯಿಗೆ ಬಟ್ಟೆ, ಮೈತುಂಬ ಹಳೆಯ ಅಂಗಿ. ಮೇಲೆ ಹೋದವರು ಟೊಪ್ಪಿಗೆ ತೆಗೆದು ಕೆರೆದು, ತೆಂಗಿನ ನಾರಿನ ಗಟ್ಟಿ ಕಟ್ಟನ್ನು ಹಗ್ಗದ ನಡುವೆ ಬಿಗಿದು, ಹಗ್ಗದ ತುದಿಗೆ ಕಲ್ಲು ಕಟ್ಟಿ ಕೊಳವೆಯೊಳಗೆ ಇಳಿಬಿಡಲಿ. ನಾಲ್ಕಾರು ಸಲ ಮೇಲೆ ಕೆಳಗೆ ಎಳೆದರೆ ಮಸಿ ಉದುರುತ್ತದೆ. ಸ್ವಲ್ಪ ಹೊತ್ತು ಧೂಳು ಕೂರಲು ಬಿಟ್ಟು, ಒಲೆಯೊಳಗಿನ ದಾರಿಗಳನ್ನೂ ಕೆದಕಿ ತೆಗೆಯಿರಿ. ಪಾತ್ರೆಗಳ ಅಡಿಯಲ್ಲಿ ಕಟ್ಟಿಕೊಂಡ ಬೂದಿಯನ್ನು ಮರೆಯುವವರೇ ಹೆಚ್ಚು. ಕೊಳವೆಯ ಬುಡದಲ್ಲಿ ಒಂದು ಸಣ್ಣ ಕನ್ನಡಿಯನ್ನು ಓರೆಯಾಗಿ ಹಿಡಿದು ನೋಡಿ. ಆಕಾಶ ದುಂಡಗೆ ಕಂಡರೆ ದಾರಿ ತೆರವಾಗಿದೆ. ಅಂಚು ಮುರುಕಲಾಗಿ ಕಂಡರೆ ಇನ್ನೂ ಮಸಿಯಿದೆ. ಆಮೇಲೆ ಸೋಪು ಹಚ್ಚಿ ಮೈ ತೊಳೆದುಕೊಳ್ಳಿ. ನೆತ್ತಿಯಿಂದ ಇಳಿದ ಬೆವರಿನ ಜೊತೆ ಮಸಿ ಮೈಯ ಮಡಿಕೆಗಳಲ್ಲಿ ಉಳಿಯಬಾರದು. ತೆರೆದ ಕೊಳವೆಯ ತುದಿ ಮಾಳಿಗೆಯ ಕುಂಬಿಗಿಂತ ತಗ್ಗಿದ್ದರೆ ಅದನ್ನು ಎತ್ತರಿಸಬೇಕು, ಇಲ್ಲವಾದರೆ ಕುಂಬಿ ದಾಟಿ ಸುಳಿಯುವ ಗಾಳಿ ಹೊಗೆಯನ್ನು ಕೆಳಗೇ ನೂಕುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇರೆಯಾಗಿ ಹೇಳಬೇಕು. ಹಳೆಯ ಹೊಗೆ ಕೊಳವೆಗಳಲ್ಲಿ ಬೂದುಬಣ್ಣದ ಕಲ್ನಾರಿನ ಸಿಮೆಂಟು ಕೊಳವೆಗಳೂ ಇವೆ. ಅವನ್ನು ತಂತಿಯ ಕುಂಚದಿಂದ ಉಜ್ಜಬೇಡಿ, ಗರಗಸದಿಂದ ಕೊಯ್ಯಬೇಡಿ, ಒಡೆಯಬೇಡಿ. ಕಲ್ನಾರಿನ ಎಳೆಗಳು ಉಸಿರಿನೊಂದಿಗೆ ಒಳಹೋದರೆ ದಶಕಗಳ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಅಂಥ ಕೊಳವೆಗೆ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯ ಕಟ್ಟೇ ಸರಿ. ಬಿರುಕು ಬಿಟ್ಟಿದ್ದರೆ ಒದ್ದೆ ಮಾಡಿ, ಇಡಿಯಾಗಿ ಇಳಿಸಿ, ತಗಡಿನ ಕೊಳವೆ ಹಾಕಿಸುವಂತೆ ಮನೆಯಲ್ಲಿ ಹೇಳಿ.