ಅಬ್ಬಿ ಎಂದರೇ ಜಲಪಾತ

ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ಇಳಿದವರನ್ನು ಕಂಡರೆ ಆಟೋದವರು ಮೊದಲು ಕೇಳುವುದೇ ‘ಅಬ್ಬಿ ಫಾಲ್ಸಾ ಸಾರ್?’ ಎಂದು. ಪತ್ರಿಕೆಗಳಿಗೆ ಬರೆಯುವ ನಾವು ಅದನ್ನು ‘ಅಬ್ಬಿ ಜಲಪಾತ’ ಮಾಡುತ್ತೇವೆ. ಹೇಗೆ ಹೇಳಿದರೂ ಒಂದೇ ಮಾತು ಎರಡು ಸಲ ಬಂತು. ಕೊಡಗಿನಲ್ಲೂ ಮಲೆನಾಡಿನಲ್ಲೂ ಅಬ್ಬಿ ಎಂದರೆ ಮೇಲಿನಿಂದ ಧುಮುಕುವ ನೀರು.

ಮಲೆನಾಡಿನ ಹಳೆಯ ಮನೆಗಳಲ್ಲಿ ಈ ಪದ ಇನ್ನೂ ಬಳಕೆಯಲ್ಲಿದೆ. ಗುಡ್ಡದ ಒರತೆಯ ನೀರು ಸೀಳಿದ ಅಡಿಕೆ ಮರದ ದೋಣಿಯಲ್ಲಿ ಹರಿದು ಬಂದು ಹಿತ್ತಲಿನಲ್ಲಿ ಹಗಲೂ ರಾತ್ರಿ ಬೀಳುತ್ತಿರುತ್ತದೆ. ಅದು ಅಬ್ಬಿ ನೀರು. ಪಾತ್ರೆ ತೊಳೆಯಲು, ಸ್ನಾನಕ್ಕೆ, ದನಗಳಿಗೆ ಎಲ್ಲಕ್ಕೂ ಅದೇ. ಆಗುಂಬೆ ಹತ್ತಿರದ ಒನಕೆ ಅಬ್ಬಿಯಲ್ಲಿರುವುದೂ ಇದೇ ಪದ. ಈಗ ಅದಕ್ಕೂ ಫಾಲ್ಸ್ ಸೇರಿಸಿಯೇ ಹೇಳುತ್ತಾರೆ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರ ಕಾಲದಲ್ಲಿ ಮಡಿಕೇರಿಯ ಅಬ್ಬಿಗೆ ಜೆಸ್ಸಿ ಫಾಲ್ಸ್ ಎಂಬ ಹೆಸರಿತ್ತು. ಜೆಸ್ಸಿ ಇಲ್ಲಿನ ಪಾದ್ರಿಯೊಬ್ಬರ ಮಗಳು ಎನ್ನುತ್ತಾರೆ. ಆ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ, ಫಾಲ್ಸ್ ಮಾತ್ರ ಅಬ್ಬಿಗೆ ಅಂಟಿಕೊಂಡು ಉಳಿಯಿತು. ಸಾಲದ್ದಕ್ಕೆ ಇಂಗ್ಲಿಷಿನಲ್ಲಿ ಬರೆಯುವಾಗ ಕ್ರೈಸ್ತ ಮಠಕ್ಕಿರುವ ‘ಆ್ಯಬಿ’ ಎಂಬ ಪದದ ಕಾಗುಣಿತ ಬಂದು ಕೂತಿತು. ಇಲ್ಲಿ ಹಿಂದೆ ಮಠ ಇತ್ತೇ ಎಂದು ಹೊರಗಿನವರು ಕೇಳಿದರೆ ತಪ್ಪು ಅವರದಲ್ಲ.

ಹೊಸಬರಿಗೆ ಊರವರ ಪದ ಅರ್ಥವಿಲ್ಲದ ಬರೀ ಹೆಸರಾಗಿ ಕೇಳಿಸುತ್ತದೆ. ಅದು ಹೊಳೆಯದೋ ಬೆಟ್ಟದ್ದೋ ತಿಳಿಯಲಿ ಎಂದು ತಮ್ಮದೊಂದು ಪದ ಜೋಡಿಸುತ್ತಾರೆ. ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಅಲ್ಲಿನ ಹಳೆಯ ಕೆಲ್ಟಿಕ್ ನುಡಿಯಲ್ಲಿ ಏವನ್ ಎಂದರೆ ಹೊಳೆ, ಆಮೇಲೆ ಬಂದವರು ಅದನ್ನು ‘ರಿವರ್ ಏವನ್’ ಎಂದರು. ದಕ್ಷಿಣ ಕೊಡಗಿನಿಂದ ಕೇರಳಕ್ಕೆ ಇಳಿಯುವ ಬರಪೊಳೆಯ ಕಥೆಯೂ ಅದೇ. ಕೊಡವ ತಕ್ಕ್‌ನಲ್ಲಿ ಪೊಳೆ ಎಂದರೆ ಹೊಳೆ, ರಾಫ್ಟಿಂಗಿಗೆ ಬಂದವರ ಬಾಯಲ್ಲಿ ಅದು ‘ಬರಪೊಳೆ ರಿವರ್’. ಬ್ರಹ್ಮಗಿರಿಯನ್ನು ‘ಬ್ರಹ್ಮಗಿರಿ ಬೆಟ್ಟ’ ಮಾಡಿದವರು ನಾವೇ.

ಇಂಗ್ಲಿಷರ ಕಾನೂನಿನ ಭಾಷೆಯಲ್ಲಿ ಇಂಥ ಜೋಡಿಗಳು ಬಹಳ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದ ಮೇಲೆ ನ್ಯಾಯಾಲಯಕ್ಕೆ ಫ್ರೆಂಚ್ ಬಂತು, ಲ್ಯಾಟಿನ್ ಇದ್ದೇ ಇತ್ತು, ಜನ ಆಡುತ್ತಿದ್ದದ್ದು ಇಂಗ್ಲಿಷ್. ‘ವಿಲ್ ಅಂಡ್ ಟೆಸ್ಟಮೆಂಟ್’ನಲ್ಲಿ ವಿಲ್ ಇಂಗ್ಲಿಷಿನದು, ಟೆಸ್ಟಮೆಂಟ್ ಲ್ಯಾಟಿನ್ನಿನದು. ತಾಲ್ಲೂಕು ಕಚೇರಿಗೆ ನಾವು ಒಯ್ಯುವ ‘ಕಾಗದಪತ್ರ’ವೂ ಅಂಥದ್ದೇ: ಕಾಗದ ಪರ್ಷಿಯನ್ ಮೂಲದ್ದು, ಪತ್ರ ಸಂಸ್ಕೃತದ್ದು.

ಆದರೆ ಕಾಗದಪತ್ರದ ಎರಡು ಪದವೂ ನಮಗೆ ಅರ್ಥವಾಗುತ್ತವೆ. ನಟ್ಟನಡುವೆ, ಕಟ್ಟಕಡೆ, ತುತ್ತತುದಿ ಎಂದು ಒತ್ತಿ ಹೇಳುವಾಗಲೂ ಹೇಳಿದವರಿಗೂ ಕೇಳಿದವರಿಗೂ ಅರ್ಥ ಗೊತ್ತು. ಅಬ್ಬಿ ಫಾಲ್ಸ್‌ನಲ್ಲಿ ಹಾಗಲ್ಲ. ಫಾಲ್ಸ್ ಗೊತ್ತಿದ್ದ ಮಗುವಿಗೆ ಅಬ್ಬಿ ಗೊತ್ತಿಲ್ಲ. ನನ್ನ ಸಂಕಟ ಅದೊಂದೇ.

ಮಳೆಗಾಲದಲ್ಲಿ ಕಾಫಿ ತೋಟದ ನಡುವೆ ಮೆಟ್ಟಿಲಿಳಿಯುವಾಗ ನೀರು ಕಾಣುವ ಮೊದಲೇ ಸದ್ದು ಕೇಳುತ್ತದೆ. ಕೆಳಗಿಳಿದರೆ ಹನಿ ಬಂದು ಮುಖ ಒದ್ದೆಯಾಗುತ್ತದೆ. ಫಾಲ್ಸ್ ಎನ್ನುವವರು ಎನ್ನಲಿ, ಫಲಕವನ್ನು ಕಿತ್ತು ಹಾಕುವುದೂ ಬೇಡ. ಆ ಮೆಟ್ಟಿಲು ಶುರುವಾಗುವಲ್ಲಿ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಅಬ್ಬಿ ಎಂದರೇನು ಎಂದು ಒಂದು ಸಾಲು ಬರೆಸಬೇಕು.