ಪೊಲೀಸರ ಮೇಲೆ ಯಾರ ಕಣ್ಣು?

ತಪ್ಪು ಮಾಡಿದವರನ್ನು ಹಿಡಿಯಲು ಪೊಲೀಸರಿದ್ದಾರೆ. ಆದರೆ ಪೊಲೀಸರೇ ಕರ್ತವ್ಯದಲ್ಲಿ ಎಡವಿದರೆ ಕೇಳುವವರು ಯಾರು? ಬೇಲಿಯೇ ಎದ್ದು ಹೊಲ ಮೇಯದಂತೆ ಕಾಯುವುದು ಹೇಗೆ? ಪ್ರಜಾಪ್ರಭುತ್ವವಿರುವ ಎಲ್ಲ ದೇಶಗಳನ್ನೂ ಕಾಡುವ ಪ್ರಶ್ನೆ ಇದು. ಇಂಗ್ಲೆಂಡ್ ಮತ್ತು ವೇಲ್ಸ್ ಇದಕ್ಕೆ 2012ರಲ್ಲಿ ಒಂದು ಹೊಸ ಉತ್ತರ ಕಂಡುಕೊಂಡವು. ಪೊಲೀಸರ ಮೇಲ್ವಿಚಾರಕನನ್ನು ಜನರೇ ಮತ ಹಾಕಿ ಆರಿಸಲಿ ಎಂಬುದೇ ಆ ಉತ್ತರ. ಈ ಪ್ರಯೋಗ ಹೇಗೆ ನಡೆಯಿತು, ಬನ್ನಿ ನೋಡೋಣ.

ಮೊದಲು ಹೆಸರುಗಳ ಗೊಂದಲ ನಿವಾರಿಸಿಕೊಳ್ಳೋಣ. ಬೆಂಗಳೂರಿನ ಪೊಲೀಸ್ ಕಮಿಷನರ್ ಖಾಕಿ ತೊಟ್ಟ ಹಿರಿಯ ಅಧಿಕಾರಿ. ನಾವು ಇಲ್ಲಿ ಹೇಳುತ್ತಿರುವ 'ಪೊಲೀಸ್ ಮತ್ತು ಅಪರಾಧ ಕಮಿಷನರ್' ಪೊಲೀಸ್ ಅಧಿಕಾರಿಯೇ ಅಲ್ಲ; ಚುನಾವಣೆಯಲ್ಲಿ ಗೆದ್ದು ಬಂದ ಜನಪ್ರತಿನಿಧಿ. ಇನ್ನೊಂದು ಮಾತು. ಅಲ್ಲಿನ 'ಚೀಫ್ ಕಾನ್‌ಸ್ಟೆಬಲ್' ಎಂದರೆ ನಮ್ಮ ಮುಖ್ಯಪೇದೆ ಎಂದು ತಿಳಿಯಬೇಡಿ. ಆತ ಒಂದು ಇಡೀ ಪ್ರದೇಶದ ಪೊಲೀಸ್ ಪಡೆಯ ಮುಖ್ಯಸ್ಥ.

ಮೊದಲು ಈ ಮೇಲ್ವಿಚಾರಣೆ 'ಪೊಲೀಸ್ ಪ್ರಾಧಿಕಾರ' ಎಂಬ ಸಮಿತಿಗಳ ಕೈಯಲ್ಲಿತ್ತು. ಸ್ಥಳೀಯ ಕೌನ್ಸಿಲರುಗಳೂ ಇತರ ನೇಮಿತ ಸದಸ್ಯರೂ, ಸಾಮಾನ್ಯವಾಗಿ 17 ಮಂದಿ, ಅದರಲ್ಲಿರುತ್ತಿದ್ದರು. ಇಂಥದೊಂದು ಸಮಿತಿ ಇದೆಯೆಂಬುದೇ ಬಹುಪಾಲು ಜನರಿಗೆ ಗೊತ್ತಿಲ್ಲ ಎಂಬ ಟೀಕೆಯಿತ್ತು. ಆದ್ದರಿಂದ 2011ರಲ್ಲಿ ಕಾಯಿದೆ ಮಾಡಿ ಸಮಿತಿಯ ಬದಲು ಒಬ್ಬ ವ್ಯಕ್ತಿಯನ್ನು ತರಲಾಯಿತು. 2012ರ ನವೆಂಬರ್ 15ರಂದು 41 ಪ್ರದೇಶಗಳಲ್ಲಿ ಮೊದಲ ಚುನಾವಣೆ ನಡೆಯಿತು. ಲಂಡನ್ ಮಹಾನಗರದಲ್ಲಿ ಈ ಹೊಣೆಯನ್ನು ಮೇಯರ್‌ಗೆ ವಹಿಸಲಾಯಿತು. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಿಗೆ ಈ ಪದ್ಧತಿ ಅನ್ವಯಿಸಲಿಲ್ಲ.

ಕಮಿಷನರ್ ಮಾಡುವ ಕೆಲಸವೇನು? ತನ್ನ ಪ್ರದೇಶದ ಪೊಲೀಸ್ ಆಯವ್ಯಯ ನಿರ್ಧರಿಸುವುದು. ಮನೆಗಳ ಮೇಲಿನ ಸ್ಥಳೀಯ ತೆರಿಗೆಯಲ್ಲಿ ಪೊಲೀಸರ ಪಾಲು ಎಷ್ಟೆಂದು ಗೊತ್ತುಮಾಡುವುದು. ಯಾವ ಅಪರಾಧಗಳ ತಡೆಗೆ ಆದ್ಯತೆ ಕೊಡಬೇಕೆಂದು ಯೋಜನೆ ರೂಪಿಸುವುದು. ಚೀಫ್ ಕಾನ್‌ಸ್ಟೆಬಲ್‌ನನ್ನು ನೇಮಿಸುವುದು, ಅಗತ್ಯವಾದರೆ ತೆಗೆದುಹಾಕುವುದು.

ಇಲ್ಲೊಂದು ಗೆರೆಯಿದೆ, ಗಮನಿಸಿ. 'ನಮ್ಮಲ್ಲಿ ಮನೆಗಳ್ಳತನ ಹೆಚ್ಚಿದೆ, ಅದರತ್ತ ಗಮನ ಕೊಡಿ' ಎಂದು ಕಮಿಷನರ್ ಹೇಳಬಹುದು. 'ಇಂಥವನನ್ನು ಬಂಧಿಸಿ', 'ಇಂಥವನನ್ನು ಬಿಟ್ಟುಬಿಡಿ' ಎನ್ನುವಂತಿಲ್ಲ. ತನಿಖೆ, ಬಂಧನ, ಪಡೆಯ ದಿನನಿತ್ಯದ ನಿಯಂತ್ರಣ ಎಲ್ಲವೂ ಚೀಫ್ ಕಾನ್‌ಸ್ಟೆಬಲ್‌ಗೆ ಸೇರಿದ್ದು. ಈ ಗೆರೆ ಅಳಿಸಿಹೋದರೆ ಪೊಲೀಸರು ಗೆದ್ದ ಪಕ್ಷದ ಆಳುಗಳಾಗುವ ಅಪಾಯವಿದೆ.

ಇನ್ನು ಚುನಾವಣೆಯ ವಿಚಾರ. ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು, ಆತ ಅದೇ ಪ್ರದೇಶದ ನಿವಾಸಿಯಾಗಿರಬೇಕು. 5,000 ಪೌಂಡ್ ಠೇವಣಿ ಇಡಬೇಕು. ಸೇವೆಯಲ್ಲಿರುವ ಪೊಲೀಸರು ನಿಲ್ಲುವಂತಿಲ್ಲ. ಜೈಲುಶಿಕ್ಷೆ ವಿಧಿಸಬಹುದಾದ ಯಾವುದೇ ಅಪರಾಧದಲ್ಲಿ ಹಿಂದೆಂದಾದರೂ ತಪ್ಪಿತಸ್ಥನೆಂದು ತೀರ್ಮಾನವಾಗಿದ್ದರೆ ಆತ ಅನರ್ಹ. 2021ರಲ್ಲಿ ವಿಲ್ಟ್‌ಶೈರ್‌ನಲ್ಲಿ ಅತಿ ಹೆಚ್ಚು ಮತ ಪಡೆದ ಅಭ್ಯರ್ಥಿ, ಬಹಳ ಹಿಂದೆ ಕುಡಿದು ವಾಹನ ಓಡಿಸಿ ಶಿಕ್ಷೆಗೊಳಗಾಗಿದ್ದ ಕಾರಣದಿಂದಲೇ ಅಧಿಕಾರ ವಹಿಸಿಕೊಳ್ಳಲಾಗಲಿಲ್ಲ. ಅಲ್ಲಿ ಮತ್ತೆ ಚುನಾವಣೆ ನಡೆಸಬೇಕಾಯಿತು. ಆರಂಭದಲ್ಲಿ ಮತದಾರರು ಮೊದಲನೆಯ ಹಾಗೂ ಎರಡನೆಯ ಆಯ್ಕೆ ಎರಡನ್ನೂ ಗುರುತಿಸಬಹುದಿತ್ತು. 2024ರ ಚುನಾವಣೆಯಲ್ಲಿ ನಮ್ಮ ಲೋಕಸಭಾ ಚುನಾವಣೆಯಂತೆಯೇ ಒಂದೇ ಮತ, ಹೆಚ್ಚು ಮತ ಪಡೆದವರಿಗೆ ಗೆಲುವು ಎಂಬ ಕ್ರಮ ಬಂತು.

ಆದರೆ ಜನ ಮತಗಟ್ಟೆಗೆ ಬಂದರೇ? 2012ರಲ್ಲಿ ಮತ ಹಾಕಿದವರು ಸುಮಾರು 15 ಶೇಕಡಾ ಮಾತ್ರ. ವೇಲ್ಸ್‌ನ ನ್ಯೂಪೋರ್ಟ್‌ನ ಒಂದು ಮತಗಟ್ಟೆಗೆ ಇಡೀ ದಿನ ಒಬ್ಬರೂ ಬರಲಿಲ್ಲ! ನವೆಂಬರಿನ ಚಳಿ, ಬೇಗ ಕವಿಯುವ ಕತ್ತಲೆ, ಅಭ್ಯರ್ಥಿಗಳ ಬಗ್ಗೆ ಮಾಹಿತಿಯ ಕೊರತೆ, ಇವೆಲ್ಲ ಕಾರಣಗಳೆನ್ನಲಾಯಿತು. ಸ್ಥಳೀಯ ಚುನಾವಣೆಗಳ ಜೊತೆಗೇ ಮೇ ತಿಂಗಳಿನಲ್ಲಿ ಮತದಾನ ನಡೆಸಿದಾಗ ಪ್ರಮಾಣ ಏರಿತು. ಆದರೂ 2024ರಲ್ಲಿ ನಾಲ್ವರಲ್ಲಿ ಒಬ್ಬರೂ ಮತ ಹಾಕಲಿಲ್ಲ.

ಗೆದ್ದವರನ್ನು ಕೆಳಗಿಳಿಸುವುದು ಹೇಗೆ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. 2014ರ ಆಗಸ್ಟ್‌ನಲ್ಲಿ ಹೊರಬಂದ ವರದಿಯೊಂದು ರಾಥರಮ್ ಪಟ್ಟಣದಲ್ಲಿ 16 ವರ್ಷಗಳಲ್ಲಿ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾಗಿದ್ದರೆಂದು ತಿಳಿಸಿತು. ಆ ಅವಧಿಯ ಕೆಲವು ವರ್ಷ ಅಲ್ಲಿನ ಕೌನ್ಸಿಲಿನಲ್ಲಿ ಮಕ್ಕಳ ಸೇವೆಯ ಹೊಣೆ ಹೊತ್ತಿದ್ದವರೇ ವರದಿ ಬಂದಾಗ ದಕ್ಷಿಣ ಯಾರ್ಕ್‌ಶೈರಿನ ಕಮಿಷನರ್ ಆಗಿದ್ದರು. ಪ್ರಧಾನಿಯೂ ಗೃಹಸಚಿವರೂ ರಾಜೀನಾಮೆ ಕೊಡಿರೆಂದರು. ಅವರು ಒಪ್ಪಲಿಲ್ಲ. ಕೌನ್ಸಿಲರುಗಳ ಮಂಡಲಿಯೊಂದು ಕಮಿಷನರನ್ನು ಪ್ರಶ್ನಿಸಬಹುದಿತ್ತು. ತೆಗೆದುಹಾಕುವ ಅಧಿಕಾರ ಅದಕ್ಕಿರಲಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ಅವರೇ ರಾಜೀನಾಮೆ ನೀಡಿದರು. ಆರಿಸುವ ಹಕ್ಕಿದ್ದರೆ ಸಾಲದು, ಎರಡು ಚುನಾವಣೆಗಳ ನಡುವೆ ಉತ್ತರ ಕೇಳುವ ದಾರಿಯೂ ಬೇಕು ಎಂಬುದು ಆಗ ಸ್ಪಷ್ಟವಾಯಿತು.

2025ರ ನವೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಈ ಹುದ್ದೆಗಳನ್ನು 2028ರ ಮೇ ತಿಂಗಳಿನಲ್ಲಿ, ಆಗಿನ ಅವಧಿ ಮುಗಿದಾಗ, ರದ್ದುಗೊಳಿಸುವುದಾಗಿ ಪ್ರಕಟಿಸಿತು. ಮೇಲ್ವಿಚಾರಣೆ ಬೇಡವೆಂದು ಇದರ ಅರ್ಥವಲ್ಲ. ಮೇಯರ್ ಇರುವ ಕಡೆ ಮೇಯರ್‌ಗೆ, ಇಲ್ಲದ ಕಡೆ ಸ್ಥಳೀಯ ನಾಯಕರ ಮಂಡಲಿಗೆ ಆ ಹೊಣೆ ವಹಿಸುವುದು ಯೋಜನೆ.

ನಮ್ಮ ದೇಶ ಬೇರೆ ದಾರಿ ಹಿಡಿದಿದೆ. ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ನೀಡಿದ ನಿರ್ದೇಶನಗಳ ಪ್ರಕಾರ ರಾಜ್ಯಗಳು ಭದ್ರತಾ ಆಯೋಗವನ್ನೂ, ಪೊಲೀಸರ ವಿರುದ್ಧದ ದೂರು ವಿಚಾರಿಸುವ ಪ್ರಾಧಿಕಾರವನ್ನೂ ರಚಿಸಬೇಕು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇದಕ್ಕೆ ಅವಕಾಶ ಮಾಡಿತು. ಇಲ್ಲಿನ ಸದಸ್ಯರನ್ನು ಈ ಕೆಲಸಕ್ಕೆಂದೇ ಜನರು ಮತ ಹಾಕಿ ಆರಿಸುವುದಿಲ್ಲ.

ತರಗತಿಯಲ್ಲಿ ನೀವೇ ಚರ್ಚಿಸಿ ನೋಡಿ: ಪೊಲೀಸರ ಮೇಲ್ವಿಚಾರಕರನ್ನು ಜನರೇ ಆರಿಸುವುದು ಲೇಸೋ, ನೇಮಿಸುವುದು ಲೇಸೋ? ಯಾವುದನ್ನು ಒಪ್ಪಿದರೂ, ಅವರು ತಪ್ಪಿದಾಗ ಕೇಳುವವರು ಯಾರು ಎಂಬುದನ್ನು ಹೇಳಲು ಮರೆಯಬೇಡಿ.