ಅಂಕಗಳ ಸ್ಥಾನಪಲ್ಲಟವೂ ಅವಿಭಾಜ್ಯ ಸಂಖ್ಯೆಗಳೂ

ಶ್ರೋತೃಗಳು ದಯವಿಟ್ಟು ಒಂದು ಕಾಗದದ ಚೂರನ್ನೂ ಸೀಸದಕಡ್ಡಿಯನ್ನೂ ಹತ್ತಿರ ಇಟ್ಟುಕೊಳ್ಳಬೇಕು. ಒಂದು, ಮೂರು, ಏಳು ಎಂಬ ಅಂಕಗಳನ್ನು ಬರೆದು ಅವುಗಳ ಸ್ಥಾನವನ್ನು ಅದಲುಬದಲು ಮಾಡಿದರೆ ಆರು ಸಂಖ್ಯೆಗಳು ದೊರೆಯುತ್ತವೆ: 137, 173, 317, 371, 713, 731. ಇವುಗಳಲ್ಲಿ ಅವಿಭಾಜ್ಯಗಳು, ಎಂದರೆ ಒಂದರಿಂದಲೂ ತಮ್ಮಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು, ಎಷ್ಟು?

ಸ್ಥಾನಪಲ್ಲಟಗಳನ್ನು ಎಣಿಸುವ ವಿದ್ಯೆ ನಮ್ಮಲ್ಲಿ ಹಳೆಯದು. 1150ರ ಸುಮಾರಿಗೆ ರಚಿತವಾದ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯನು 'ಅಂಕಪಾಶ'ವೆಂಬ ಪ್ರಕರಣವನ್ನೇ ಇದಕ್ಕೆ ಮೀಸಲಿಟ್ಟಿದ್ದಾನೆ. ಮೂರು ಬೇರೆ ಬೇರೆ ಅಂಕಗಳಿಗೆ ಆರು ವಿನ್ಯಾಸಗಳು, ನಾಲ್ಕಕ್ಕೆ 24, ಒಂದರಿಂದ ಒಂಬತ್ತರವರೆಗಿನ ಅಂಕಗಳಿಗೆ 3,62,880. ಆದರೆ ಅವುಗಳಲ್ಲಿ ಅವಿಭಾಜ್ಯಗಳೆಷ್ಟೆಂದು ಒಮ್ಮೆಗೇ ಹೇಳಿಬಿಡುವ ಸುಲಭ ಸೂತ್ರ ದೊರೆತಿಲ್ಲ, ಒಂದೊಂದನ್ನೂ ಪರೀಕ್ಷಿಸಬೇಕು.

ಹಾಗೆಂದು ಎದೆಗುಂದಬೇಕಾಗಿಲ್ಲ. ಶ್ರಮವನ್ನು ಉಳಿಸುವ ಉಪಾಯಗಳು ಎರಡಿವೆ. ಅಂಕಗಳ ಮೊತ್ತವು ಮೂರರಿಂದ ಭಾಗವಾದರೆ ಸಂಖ್ಯೆಯೂ ಮೂರರಿಂದ ಭಾಗವಾಗುತ್ತದೆ. ಸ್ಥಾನ ಬದಲಾದರೂ ಮೊತ್ತ ಬದಲಾಗದು. ಒಂದರಿಂದ ಒಂಬತ್ತರವರೆಗಿನ ಅಂಕಗಳ ಮೊತ್ತ 45. ಆದುದರಿಂದ ಆ 3,62,880 ಸಂಖ್ಯೆಗಳಲ್ಲಿ ಅವಿಭಾಜ್ಯವಾದದ್ದು ಒಂದೂ ಇಲ್ಲ! ಎರಡನೆಯದಾಗಿ, ಒಂದಕ್ಕಿಂತ ಹೆಚ್ಚು ಅಂಕಗಳುಳ್ಳ ಅವಿಭಾಜ್ಯದ ಕೊನೆಯಲ್ಲಿ 1, 3, 7, 9 ಇವುಗಳಲ್ಲೊಂದೇ ನಿಲ್ಲಬೇಕು.

ನಮ್ಮ ಆರು ಸಂಖ್ಯೆಗಳಿಗೆ ಬರೋಣ. 29ರ ವರ್ಗವು 841 ಆದುದರಿಂದ, 23ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 371 ಎಂಬುದು 7 ಮತ್ತು 53ರ ಗುಣಲಬ್ಧ. 713 ಎಂಬುದು 23 ಮತ್ತು 31ರದು. 731 ಎಂಬುದು 17 ಮತ್ತು 43ರದು. ಉಳಿದ ಮೂರೂ ಅವಿಭಾಜ್ಯಗಳು. ಎಂದರೆ ಆರರಲ್ಲಿ ಮೂರು.

ಹಾಗಾದರೆ ಹೇಗೆ ಪಲ್ಲಟಿಸಿದರೂ ಅವಿಭಾಜ್ಯವಾಗಿಯೇ ಉಳಿಯುವ ಸಂಖ್ಯೆ ಉಂಟೇ? ಉಂಟು. 113, 131, 311 ಈ ಮೂರನ್ನೂ ನೋಡಿರಿ. 199 ಮತ್ತು 337 ಇವೂ ಅಂಥವೇ. ಜರ್ಮನ್ ಗಣಿತಜ್ಞ ರಿಚರ್ಟ್ 1951ರಲ್ಲಿ ಈ ಜಾತಿಯ ಸಂಖ್ಯೆಗಳನ್ನು ಕುರಿತು ಬರೆದನು. ಇವು ಏಕೆ ಇಷ್ಟು ವಿರಳ? ಎರಡು ಅಥವಾ ಹೆಚ್ಚು ಅಂಕಗಳುಳ್ಳ ಇಂಥ ಸಂಖ್ಯೆಯ ಯಾವ ಅಂಕವಾದರೂ ಕೊನೆಗೆ ಬರಬಹುದಾದುದರಿಂದ, 1, 3, 7, 9 ಹೊರತು ಬೇರೆ ಅಂಕಕ್ಕೆ ಅಲ್ಲಿ ಎಡೆಯಿಲ್ಲ. ಈ ನಾಲ್ಕೂ ಒಟ್ಟಿಗೆ ಇರುವಂತೆಯೂ ಇಲ್ಲ. 7931, 1793, 9137, 7913, 7193, 1937, 7139 ಇವುಗಳನ್ನು ಏಳರಿಂದ ಭಾಗಿಸಿದರೆ ಕ್ರಮವಾಗಿ 0, 1, 2, 3, 4, 5, 6 ಶೇಷ ಉಳಿಯುತ್ತದೆ. ಮಿಕ್ಕ ಅಂಕಗಳನ್ನು ಮುಂದಿಟ್ಟು ಈ ನಾಲ್ಕನ್ನು ಕೊನೆಯಲ್ಲಿರಿಸಿದರೆ, ಏಳರಿಂದ ನಿಶ್ಶೇಷವಾಗಿ ಭಾಗವಾಗುವ ಒಂದು ವಿನ್ಯಾಸ ಸಿಕ್ಕಿಯೇ ಸಿಕ್ಕುತ್ತದೆ.

991ರ ಆಚೆಗೆ ಇದುವರೆಗೆ ಗೊತ್ತಾಗಿರುವ ಇಂಥ ಸಂಖ್ಯೆಗಳೆಲ್ಲ ಬರಿಯ ಒಂದುಗಳ ಸಾಲುಗಳು. ಉದಾಹರಣೆಗೆ: 19 ಒಂದುಗಳು, 23 ಒಂದುಗಳು, 1977ರಲ್ಲಿ ಅವಿಭಾಜ್ಯವೆಂದು ಸಿದ್ಧಪಟ್ಟ 317 ಒಂದುಗಳು, 1986ರಲ್ಲಿ ಸಿದ್ಧಪಟ್ಟ 1031 ಒಂದುಗಳು. ಇವುಗಳಲ್ಲಿ ಪಲ್ಲಟಿಸುವುದಕ್ಕೇ ಏನೂ ಇಲ್ಲ. ಬೇರೆ ಬೇರೆ ಅಂಕಗಳುಳ್ಳ ಇನ್ನೊಂದು ಎಲ್ಲಿಯಾದರೂ ಅಡಗಿದೆಯೇ? ಇಲ್ಲವೆಂದು ಪೂರ್ಣವಾಗಿ ಸಾಧಿಸಿದವರೂ ಇಲ್ಲ, ಇದೆಯೆಂದು ತೋರಿಸಿದವರೂ ಇಲ್ಲ. ಬಾಲಕನೂ ಕೇಳಬಹುದಾದ ಪ್ರಶ್ನೆಗೆ ಪಂಡಿತರೂ ಉತ್ತರವನ್ನು ಹುಡುಕುತ್ತಿರುವುದೇ ಸಂಖ್ಯಾಶಾಸ್ತ್ರದ ಸೊಗಸು. ಕಾಗದದ ಚೂರು ಇನ್ನೂ ತಮ್ಮ ಬಳಿ ಇದ್ದರೆ, 1, 7, 9 ಇವುಗಳ ಆರು ವಿನ್ಯಾಸಗಳನ್ನು ಪರೀಕ್ಷಿಸಿ ನೋಡಬಹುದು.